ಟ್ರಂಪ್ ನೇಮಿಸಿದ ಜಡ್ಜ್, ಟ್ರಂಪ್ ಸುಂಕದ ವಿರುದ್ಧವೇ ತೀರ್ಪು! ಯಾರಿವರು ತಿಮೊತಿ ರೀಫ್?

ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಏಪ್ರಿಲ್‌ನಲ್ಲಿ ಹತ್ತಾರು ದೇಶಗಳ ಸರಕಿನ ಮೇಲೆ ಸುಂಕ ಘೋಷಿಸಿದ್ದು ಗೊತ್ತಿರೋದೇ. ಭಾರತಕ್ಕೆ ಆಗ ಹೇಳಿದ್ದು ಶೇ 26. ಅಮೆರಿಕಕ್ಕೆ ಬಟ್ಟೆ ಕಳಿಸುವ ನಮ್ಮ ರಾಜ್ಯದ ಗಾರ್ಮೆಂಟ್ಸ್‌ಗೂ ಬಿಸಿ ಮುಟ್ಟಿಸುವಂಥ ಸುಂಕ ಇದು. ಆದರೆ ಮೇ 28ರಂದು ನ್ಯೂಯಾರ್ಕ್‌ನ ಕೋರ್ಟೊಂದು, 1977ರ ತುರ್ತು ಅಧಿಕಾರ ಕಾಯ್ದೆ ಬಳಸಿ ಹೀಗೆ ಸುಂಕ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಪೀಠದಲ್ಲಿದ್ದ ಮೂವರಲ್ಲಿ ಒಬ್ಬರನ್ನು ನೇಮಿಸಿದ್ದು ಸ್ವತಃ ಟ್ರಂಪ್. ಅದು ಹೇಗಾಯ್ತು?

ಯಾವುದು ಈ ಕೋರ್ಟ್?
ಇದರ ಹೆಸರು ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ. ಆಮದು ಸುಂಕ, ಕಸ್ಟಮ್ಸ್ ತಕರಾರುಗಳೇ ಇಲ್ಲಿನ ಮುಖ್ಯ ಕೆಲಸ. 1926ರಲ್ಲಿ ಕಸ್ಟಮ್ಸ್ ಕೋರ್ಟ್ ಆಗಿದ್ದ ಇದಕ್ಕೆ ಈಗಿನ ಹೆಸರು ಬಂದಿದ್ದು 1980ರ ಕಾಯ್ದೆಯಿಂದ.

ರೀಫ್ ಹಿನ್ನೆಲೆ ಏನು?
ಪ್ರಿನ್ಸ್‌ಟನ್, ಕೊಲಂಬಿಯಾದಲ್ಲಿ ಓದಿದವರು. ಅಮೆರಿಕ ಸಂಸತ್ತಿನ ತೆರಿಗೆ ಸಮಿತಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸದಸ್ಯರಿಗೆ ವ್ಯಾಪಾರ ಕಾನೂನು ಸಲಹೆಗಾರರಾಗಿದ್ದರು. ಒಬಾಮಾ ಕಾಲದಲ್ಲಿ ವ್ಯಾಪಾರ ಪ್ರತಿನಿಧಿ ಕಚೇರಿಯ ಮುಖ್ಯ ವಕೀಲರಾದರು. ಸೋಲಾರ್ ಫಲಕದ ಗಲಾಟೆಯಲ್ಲಿ 2016ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಅಮೆರಿಕ ಭಾರತದ ವಿರುದ್ಧ ಗೆದ್ದದ್ದು ಅವರು ಆ ಹುದ್ದೆಯಲ್ಲಿದ್ದಾಗಲೇ. ಟ್ರಂಪ್ ಬಂದ ಮೇಲೂ ಅದೇ ಕಚೇರಿಯಲ್ಲಿ ಸಲಹೆಗಾರರಾಗಿ ಉಳಿದರು.

ಎದುರು ಪಕ್ಷದವರಿಗೆ ಹುದ್ದೆ ಯಾಕೆ?
ಉತ್ತರ ಕಾನೂನಿನಲ್ಲೇ ಇದೆ. ಈ ಕೋರ್ಟಿನಲ್ಲಿ ಒಟ್ಟು 9 ನ್ಯಾಯಾಧೀಶರು. ಅದರಲ್ಲಿ ಒಂದೇ ಪಕ್ಷದವರು 5ಕ್ಕಿಂತ ಹೆಚ್ಚು ಇರುವಂತಿಲ್ಲ. ಅಂದರೆ ಅಧಿಕಾರದಲ್ಲಿ ಯಾರೇ ಇರಲಿ, ಎಲ್ಲ ಕುರ್ಚಿಯಲ್ಲೂ ತಮ್ಮವರನ್ನೇ ಕೂರಿಸೋಕೆ ಆಗಲ್ಲ. ರೀಫ್ ಡೆಮಾಕ್ರಟಿಕ್ ಪಕ್ಷದವರು.

ನಮ್ಮಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳ ಹೆಸರನ್ನು ಕೊಲಿಜಿಯಂ ಶಿಫಾರಸು ಮಾಡುತ್ತೆ. ಅಲ್ಲಿ ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. 2018ರಲ್ಲಿ ರೀಫ್ ಹೆಸರು ಹೋದರೂ ಮತಕ್ಕೆ ಬರಲಿಲ್ಲ. ಮರುವರ್ಷ ಮತ್ತೆ ಕಳಿಸಿದ ಮೇಲೆ 2019ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ನೇಮಿಸಿದವರೇ ತೆಗೆಯಬಹುದಾ?
ಇಲ್ಲ. ಹುದ್ದೆ ಜೀವನಪರ್ಯಂತ. ಸಂಸತ್ತು ಮಹಾಭಿಯೋಗ ನಡೆಸಿದರೆ ಮಾತ್ರ ತೆಗೆಯಬಹುದು. ಹಾಗಾಗಿ ನೇಮಿಸಿದವರ ಋಣ ತೀರಿಸುವ ಅನಿವಾರ್ಯತೆ ನ್ಯಾಯಾಧೀಶರಿಗಿಲ್ಲ. ಪೀಠದ ಇನ್ನಿಬ್ಬರಲ್ಲಿ ಜೇನ್ ರೆಸ್ಟಾನಿ ಅವರನ್ನು ನೇಮಿಸಿದ್ದು ರೇಗನ್, ಗ್ಯಾರಿ ಕಾಟ್ಜ್‌ಮನ್ ಅವರನ್ನು ಒಬಾಮಾ. ಮೂವರು ಅಧ್ಯಕ್ಷರು ಆರಿಸಿದ ಮೂವರದ್ದೂ ಒಂದೇ ತೀರ್ಪು.

ಮುಂದೇನಾಯ್ತು?
ಮರುದಿನವೇ ಮೇಲ್ಮನವಿ ಕೋರ್ಟ್ ತೀರ್ಪಿಗೆ ತಾತ್ಕಾಲಿಕ ತಡೆ ಕೊಟ್ಟಿತು. ಸುಂಕ ವಸೂಲಿ ನಿಲ್ಲಲಿಲ್ಲ. ಆದರೆ ಆಗಸ್ಟ್ 29ರಂದು ಅದೇ ಕೋರ್ಟ್ 7-4 ಬಹುಮತದಿಂದ, ಈ ಸುಂಕಕ್ಕೆ ಕಾನೂನಿನ ಬಲ ಇಲ್ಲ ಅಂತಲೇ ಹೇಳಿತು. ಅಲ್ಲಿಂದ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.