ಮಾಚಾ ಗಂಟು ಕಟ್ಟುವುದೇಕೆ?

ಪ್ರಶ್ನೆ: ಮನೆಯಲ್ಲಿ ಮಾವಿನಹಣ್ಣಿನ ಐಸ್ಡ್ ಮಾಚಾ ಲಾಟೆ ಮಾಡಿದರೆ ಪುಡಿ ಗಂಟಾಗುತ್ತದೆ, ಪದರಗಳೂ ನಿಲ್ಲುವುದಿಲ್ಲ. ಏನು ಮಾಡಲಿ?

ಉತ್ತರ: ಮಾಚಾ ಕಾಫಿ ಪುಡಿಯಂತೆ ಸೋಸುವ ವಸ್ತುವಲ್ಲ. ನೆರಳಲ್ಲಿ ಬೆಳೆಸಿದ ಚಹಾ ಎಲೆಯನ್ನೇ ನುಣ್ಣಗೆ ಬೀಸಿದ ಪುಡಿ ಅದು. ಕರಗುವುದಿಲ್ಲ, ದ್ರವದಲ್ಲಿ ತೇಲುತ್ತದಷ್ಟೇ. ತಣ್ಣನೆ ಹಾಲಿಗೆ ನೇರವಾಗಿ ಸುರಿದರೆ ಗಂಟು ಗ್ಯಾರಂಟಿ. 2 ಗ್ರಾಂ ಪುಡಿಯನ್ನು ಜರಡಿ ಹಿಡಿದು, ಸುಮಾರು 80 ಡಿಗ್ರಿ ಸೆಲ್ಸಿಯಸ್‌ನ 50 ಮಿಲಿ ನೀರಿನಲ್ಲಿ ಹಸಿರು ನೊರೆ ಏಳುವವರೆಗೆ ಕಡೆಯಿರಿ. ಜಪಾನಿನವರ ಬಿದಿರಿನ ಕಡೆಗೋಲು ‘ಚಾಸೆನ್’ ಇಲ್ಲದಿದ್ದರೆ ಬಿಗಿ ಮುಚ್ಚಳದ ಬಾಟಲಿಯಲ್ಲಿ ಕುಲುಕಿದರೂ ಸರಿ. ಕುದಿಯುವ ನೀರು ಮಾತ್ರ ಬೇಡವೇ ಬೇಡ, ಕಹಿ ಹೆಚ್ಚುತ್ತದೆ.

ಇನ್ನು ಪದರಗಳ ವಿಷಯ. ಸಕ್ಕರೆ ಬೆರೆತ ಹಣ್ಣಿನ ತಿರುಳು ಭಾರ, ಅದು ತಳಕ್ಕಿರಲಿ. ಮೇಲೆ ಲೋಟದ ತುಂಬ ಐಸ್, ಹಾಲು; ಕೊನೆಗೆ ಮಾಚಾವನ್ನು ಐಸ್ ತುಂಡಿನ ಮೇಲೆಯೇ ಮೆಲ್ಲಗೆ ಸುರಿಯಿರಿ. ಹುಳಿಮಾವು ಹಾಲನ್ನು ಒಡೆಸೀತು. ಚೆನ್ನಾಗಿ ಮಾಗಿದ ಬಾದಾಮಿ ಮಾವನ್ನೇ ಆರಿಸಿ.