ಕಚೇರಿಯ ಕಡತಗಳನ್ನು ಭದ್ರವಾಗಿ ಕಳುಹಿಸುವ ಬಗೆ

ನಮ್ಮ ಪ್ರಿಯ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬ್ಯಾಂಕು, ಆಸ್ಪತ್ರೆ, ವ್ಯಾಪಾರದ ಕಚೇರಿ ಮುಂತಾದ ಕಡೆಗಳಲ್ಲಿ ಉದ್ಯೋಗದಲ್ಲಿರುವರು. ಸಂಬಳದ ಪಟ್ಟಿ, ರೋಗಿಗಳ ವರದಿ, ಗಿರಾಕಿಗಳ ಲೆಕ್ಕ ಇವೆಲ್ಲವೂ ಪ್ರತಿದಿನ ಅವರ ಕೈಯಿಂದ ಕಂಪ್ಯೂಟರಿನ ಮೂಲಕ ದೂರದ ಊರುಗಳಿಗೆ ಹೋಗುತ್ತವೆ. ಆದಕಾರಣ ಅಂಥ ಕಡತಗಳನ್ನು ಭದ್ರವಾಗಿ ಸಾಗಿಸುವ ಸಾಧನಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಯುಕ್ತವೆಂದು ಎಣಿಸಿದೆವು.

ಇದಕ್ಕೆ ಬೇರೊಂದು ಕಾರಣವೂ ಉಂಟು. ಕೆಲವು ಕಾಲದ ಹಿಂದೆ ವಿದ್ಯಾರ್ಥಿನಿಯರ ಹೆಸರು, ಮನೆಯ ವಿಳಾಸ, ಫೋನ್ ಸಂಖ್ಯೆಗಳುಳ್ಳ ಒಂದು ಪಟ್ಟಿಯನ್ನು ನಾವು ಸಾಧಾರಣ ಈಮೇಲಿನಲ್ಲಿ ಕಳುಹಿಸಿದೆವು. ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರಿಂದ ಅದು ಅಪರಿಚಿತರೊಬ್ಬರಿಗೆ ತಲಪಿತು. ಅವರು ಸಜ್ಜನರಾದುದರಿಂದ ನಮಗೆ ತಿಳಿಸಿ ಅದನ್ನು ಅಳಿಸಿಬಿಟ್ಟರು. ಆದರೂ ಹೆತ್ತವರು ನಮ್ಮನ್ನು ನಂಬಿ ಒಪ್ಪಿಸಿದ್ದು ಪರರ ಕೈಸೇರಿತೆಂಬ ನಾಚಿಕೆ ನಮ್ಮನ್ನು ಬಿಟ್ಟಿಲ್ಲ.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಡತ ಸಾಗಿಸುವ ‘ಎಫ್‌ಟಿಪಿ’ ಎಂಬ ಕ್ರಮವನ್ನು 1971ರಲ್ಲಿ ಬರೆದವರು, ಕಾನ್ಪುರದ ಐಐಟಿಯಲ್ಲಿ ಕಲಿತು ಅಮೇರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ ಎಂಬವರು. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳು ಕೆಲವೇ. ಆ ಕ್ರಮದಲ್ಲಿ ಪಾಸ್‌ವರ್ಡೂ ಕಡತವೂ ಅಂಚೆಯ ಕಾರ್ಡಿನಂತೆ ತೆರೆದೇ ಹೋಗುತ್ತಿದ್ದುವು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳ ಕಳವಾಗಲು, ಅಲ್ಲಿಯ ತಾತು ಯ್ಲೋನೆನ್ ಎಂಬವರು ‘ಎಸ್‌ಎಸ್‌ಎಚ್’ ಎಂಬ ಸಾಧನವನ್ನು ರಚಿಸಿದರು. ಅದರ ಆಧಾರದ ಮೇಲೆ ನಿಂತಿರುವುದೇ ಇಂದು ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಎಸ್‌ಎಫ್‌ಟಿಪಿ’.

ಇದು ನಡೆಯುವ ಬಗೆ ಹೀಗೆ. ಕಳುಹಿಸುವವರಿಗೆ ಜೋಡಿ ಕೀಲಿಗಳಿರುತ್ತವೆ. ಒಂದು ಅವರಲ್ಲಿಯೇ ಗುಪ್ತವಾಗಿರತಕ್ಕದ್ದು. ಅದರ ಜೊತೆಯದನ್ನು ಸ್ವೀಕರಿಸುವ ಕಂಪ್ಯೂಟರಿಗೆ ಮುಂಚಿತವಾಗಿ ಕೊಟ್ಟಿರುತ್ತಾರೆ. ಇವೆರಡೂ ಹೊಂದಿದರೆ ಮಾತ್ರ ಬಾಗಿಲು ತೆರೆಯುವುದು. ಆ ಕಂಪ್ಯೂಟರು ಸಹ ತನ್ನ ಗುರುತನ್ನು ತೋರಿಸಬೇಕು. ಅಲ್ಲಿಂದ ಮುಂದೆ ಸಾಗುವುದೆಲ್ಲವೂ ಗೂಢಾಕ್ಷರವಾಗುವುದರಿಂದ, ದಾರಿಯಲ್ಲಿ ಹಿಡಿದವರಿಗೆ ಅರ್ಥವಾಗದು. ದೊಡ್ಡ ಕಚೇರಿಗಳ ಸಾಧನಗಳು ಇದಲ್ಲದೆ ಯಾರು, ಯಾವಾಗ, ಏನನ್ನು ಕಳುಹಿಸಿದರೆಂಬ ದಾಖಲೆಯನ್ನೂ ಇಡುತ್ತವೆ.

ಹಾಗಾದರೆ ಒಳ್ಳೆಯ ಸಾಧನವನ್ನು ಕೊಂಡರೆ ಸಾಕೋ? ಸಾಲದು. 2023ರ ಮೇ ತಿಂಗಳಲ್ಲಿ ‘ಮೂವ್‌ಇಟ್’ ಎಂಬ ಹೆಸರುವಾಸಿಯಾದ ಸಾಧನದ ಒಂದು ಲೋಪದ ಮೂಲಕ ಕಳ್ಳರು ನುಗ್ಗಿದರು. ಎರಡು ಸಾವಿರಕ್ಕೂ ಮಿಕ್ಕ ಸಂಸ್ಥೆಗಳಿಗೆ ಇದರಿಂದ ಹಾನಿ ತಟ್ಟಿತು. ಅವರು ದಾರಿಯಲ್ಲಿ ಹೋಗುವುದನ್ನು ಕದಿಯಲಿಲ್ಲ. ದಾರಿಯ ನಡುವಣ ಉಗ್ರಾಣದಲ್ಲಿ ಇದ್ದುದನ್ನು ಒಯ್ದರು. ತಲಪಬೇಕಾದವರಿಗೆ ತಲಪಿದ ಕೂಡಲೇ ಅಲ್ಲಿಂದ ಅಳಿಸಲ್ಪಟ್ಟ ಕಡತವು ಕಳ್ಳರಿಗೆ ದೊರೆಯುವಂತಿರಲಿಲ್ಲ.

ಎಸ್ತೇರಳ ಚರಿತ್ರೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅರಸನ ಮುದ್ರೆಯುಂಗುರವು ಹಾಮಾನನ ಕೈಯಲ್ಲಿದ್ದಾಗ ನಾಶದ ಪತ್ರಗಳಿಗೂ, ಮೊರ್ದೆಕೈಯ ಕೈಗೆ ಬಂದಾಗ ರಕ್ಷಣೆಯ ಪತ್ರಗಳಿಗೂ ಅದೇ ಮುದ್ರೆ ಬಿದ್ದಿತು. ಮುದ್ರೆಯ ಬೆಲೆ ಅದನ್ನು ಹಿಡಿದ ಕೈಯಲ್ಲಿದೆ. ಆದಕಾರಣ ನಿಮ್ಮ ಕೀಲಿಯನ್ನು ಜೊತೆಗೆಲಸದವರಿಗೂ ಕೊಡಬೇಡಿರಿ. ಕೆಲಸ ಬಿಟ್ಟವರ ಕೀಲಿಯನ್ನು ಅದೇ ದಿನ ರದ್ದುಮಾಡಿಸಿರಿ. ಕಡತಕ್ಕೆ ಹಾಕಿದ ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆಯದೆ ಫೋನಿನಲ್ಲಿ ತಿಳಿಸಿರಿ. ಬೇಕಾದಷ್ಟನ್ನೇ ಕಳುಹಿಸಿ, ತಲಪಿತೆಂದು ತಿಳಿದೊಡನೆ ನಡುವೆ ಉಳಿದ ಪ್ರತಿಯನ್ನು ಅಳಿಸಿರಿ.

ಹೆತ್ತವರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳ ಆಧಾರ್ ಪ್ರತಿಯನ್ನಾಗಲಿ ಅಂಕಪಟ್ಟಿಯನ್ನಾಗಲಿ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿರಿ. ಕಚೇರಿಗೇ ತಂದು ಕೊಡಿರಿ. ನಾವಾದರೋ ಈಗ ಯಾವ ಪಟ್ಟಿಯನ್ನಾದರೂ ಬೀಗಹಾಕದೆ ಕಳುಹಿಸುವುದಿಲ್ಲ. ವಿಳಾಸವನ್ನು ಇಬ್ಬರು ಓದಿ ನೋಡಿದ ಮೇಲೆಯೇ ಕಳುಹಿಸುತ್ತೇವೆ.