ಖರ್ಚಿನ ಪಟ್ಟಿಯಲ್ಲಿ ಇಲ್ಲದ ಹೆಸರು

ಕಳೆದ ನವೆಂಬರಿನಲ್ಲಿ ಕೆಂಗೇರಿ ಉಪನಗರದ ನಮ್ಮ ಬೀದಿಗಳವರೆಲ್ಲ ಸೇರಿ ರಾಜ್ಯೋತ್ಸವ ಆಚರಿಸಿದೆವು. ಸರ್ಕಾರಿ ಸೇವೆಯಿಂದ ನಿವೃತ್ತನಾದವನಿಗೆ ಲೆಕ್ಕ ಬರೆಯುವ ಕೆಲಸ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ನಿವಾಸಿಗಳ ಸಂಘದ ಖಜಾಂಚಿಗಿರಿ ನನಗೆ ಹಾಗೆ ದಕ್ಕಿದ್ದು. ಮರುದಿನ ರಾತ್ರಿ ಕುಳಿತು ಖರ್ಚಿನ ಪಟ್ಟಿ ಮಾಡಿದೆ. ಶಾಮಿಯಾನ, ಧ್ವನಿವರ್ಧಕ, ವಾದ್ಯವೃಂದ, ನಿರೂಪಕಿ, ಹಾರ ತುರಾಯಿ, ಉಪಾಹಾರ, ಪೌರಕಾರ್ಮಿಕರಿಗೆ ಕಾಣಿಕೆ. ಎಲ್ಲಕ್ಕೂ ರಸೀದಿ ಇತ್ತು. ಕುತೂಹಲಕ್ಕೆಂದು ಅಂದು ಹಾಡಿದ ಹಾಡುಗಳನ್ನೂ ನೆನಪಿಸಿಕೊಂಡು ಬರೆದೆ. ಹದಿನಾಲ್ಕರಲ್ಲಿ ಒಂಬತ್ತಕ್ಕೆ ರಾಗ ಕಟ್ಟಿದವರು ಸಿ. ಅಶ್ವತ್ಥ್. ನಿರೂಪಕಿ ಪ್ರತಿ ಹಾಡಿಗೂ ಕವಿಯ ಹೆಸರು ಹೇಳಿದ್ದರು, ಪ್ರಾಯೋಜಕರಾದ ಬೇಕರಿಯವರ ಹೆಸರನ್ನು ಮೂರು ಬಾರಿ ಹೇಳಿದ್ದರು. ಅಶ್ವತ್ಥರ ಹೆಸರು ವೇದಿಕೆಯಲ್ಲಿಯೂ ಬರಲಿಲ್ಲ, ನನ್ನ ಪಟ್ಟಿಯಲ್ಲಿಯೂ ಇರಲಿಲ್ಲ.

ಇದು ನನ್ನನ್ನು ಕಾಡಲು ಬೇರೊಂದು ಕಾರಣವಿದೆ. ನನ್ನ ಅಣ್ಣನ ಮಗನಿಗೆ ಇಪ್ಪತ್ತೊಂಬತ್ತು ವರ್ಷ. ಒಳ್ಳೆಯ ಸಂಬಳದ ಎಂಜಿನಿಯರ್. ಗಿಟಾರ್ ಹಿಡಿದು ಕನ್ನಡದಲ್ಲಿ ತಾನೇ ಬರೆದು ತಾನೇ ಹಾಡುತ್ತಾನೆ. ಒಂದೊಂದು ಹಾಡು ಹತ್ತು ಹನ್ನೆರಡು ನಿಮಿಷದ್ದು, ನಡುನಡುವೆ ತಾಳ ಬದಲಾಗುವಂಥದ್ದು. ಪ್ರೊಗ್ರೆಸಿವ್ ರಾಕ್ ಎಂಬುದು ಅದರ ಹೆಸರಂತೆ. ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದ್ದಾನೆ. ಅಣ್ಣ ಅವನನ್ನು ನನ್ನ ಬಳಿ ಬುದ್ಧಿ ಹೇಳಿಸಲು ಕಳುಹಿಸಿದ. ಅರ್ಥಶಾಸ್ತ್ರ ಓದಿದ ತಮ್ಮನಿಂದ ಅಣ್ಣ ನಿರೀಕ್ಷಿಸಿದ ಬುದ್ಧಿವಾದ ಏನೆಂದು ಹೇಳಬೇಕಾಗಿಲ್ಲ.

ಹುಡುಗ ಮಾತ್ರ ತನ್ನ ಆರಾಧ್ಯದೈವ ಪೀಟರ್ ಗೇಬ್ರಿಯಲ್‌ನ ಕಥೆಯನ್ನು ಮುಂದಿಟ್ಟ. ಇಂಗ್ಲೆಂಡಿನ ಜೆನೆಸಿಸ್ ಎಂಬ ವೃಂದವನ್ನು 1975ರಲ್ಲಿ, ಅದು ಏರುಗತಿಯಲ್ಲಿದ್ದಾಗಲೇ, ಬಿಟ್ಟು ಹೊರಬಂದವನು ಗೇಬ್ರಿಯಲ್. 1977ರಲ್ಲಿ ಮೊದಲ ಸ್ವಂತ ಆಲ್ಬಮ್. ಮೊದಲ ನಾಲ್ಕು ಆಲ್ಬಮ್‌ಗಳಿಗೆ ತನ್ನ ಹೆಸರನ್ನೇ ಇಟ್ಟ. 2002ರಲ್ಲಿ ಒಂದು ಆಲ್ಬಮ್ ಹೊರತಂದವನು ಹೊಸ ಹಾಡುಗಳ ಮುಂದಿನದನ್ನು ತಂದದ್ದು 2023ರಲ್ಲಿ. ‘ಇಪ್ಪತ್ತೊಂದು ವರ್ಷ ಕಾದರು ಚಿಕ್ಕಪ್ಪ, ಯಾರೂ ಕೇಳಲಿಲ್ಲ. ಕನ್ನಡದಲ್ಲಿ ಹೀಗೆ ಒಬ್ಬರೇ ಅಷ್ಟು ದೂರ ನಡೆದವರು ಯಾರಿದ್ದಾರೆ?’ ಎಂದ. ಥಟ್ಟನೆ ನನ್ನ ಬಾಯಿಗೆ ಬಂದ ಹೆಸರು ಅಶ್ವತ್ಥ್.

ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಬಲ್ಲೆ. ಅಶ್ವತ್ಥ್ ಕವಿಯಲ್ಲ, ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ ಇವರ ಪದಗಳಿಗೆ ದನಿ ಕೊಟ್ಟವರು. ಆದರೂ ಜೋಡಿಯಾಗಿ ಹೊರಟು, ಆಮೇಲೆ ಒಂಟಿಯಾಗಿ ನಡೆದು, ಒಂದು ಪ್ರಕಾರದ ಅಳತೆಯನ್ನೇ ಹಿಗ್ಗಿಸಿದವರು ಅವರು. 1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿದರು. ಮಾಸ್ತಿಯವರ ನಾಟಕವನ್ನಾಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ‘ಕಾಕನಕೋಟೆ’ ಚಿತ್ರದಿಂದ ಸಂಗೀತ ನಿರ್ದೇಶಕರಾದರು. ಬಳಿಕ ಪಿಟೀಲು ವಿದ್ವಾಂಸ ಎಲ್. ವೈದ್ಯನಾಥನ್ ಅವರೊಡನೆ ‘ಅಶ್ವತ್ಥ್-ವೈದಿ’ ಎಂಬ ಜೋಡಿ ಹೆಸರು. ‘ಆಲೆಮನೆ’, ‘ಅನುಪಮ’, ‘ಬಾಡದ ಹೂ’ ಆ ಕಾಲದವು. ಶಾಸ್ತ್ರೀಯ ಶಿಸ್ತಿನ ವೈದಿ, ರಂಗಭೂಮಿಯ ಗಾಳಿ ಕುಡಿದ ಅಶ್ವತ್ಥ್. ಆ ಹಾಡುಗಳಲ್ಲಿ ಇಬ್ಬರೂ ಕೇಳಿಸುತ್ತಾರೆ. ಜೋಡಿ ಕಳಚಿಕೊಂಡ ಮೇಲೆ ವೈದಿ ‘ಮಾಲ್ಗುಡಿ ಡೇಸ್’ನ ಸಂಗೀತದಿಂದ ದೇಶದ ಮನೆಮನೆಗೂ ತಲುಪಿದರು. ಅಶ್ವತ್ಥ್ ಶಿಶುನಾಳಕ್ಕೆ ಹೋದರು.

ಶರೀಫರ ಪದಗಳು ಅದುವರೆಗೆ ಧಾರವಾಡ ಸೀಮೆಯ ಭಜನೆಯ ಗುಂಪುಗಳಲ್ಲಿ ಏಕತಾರಿಯೊಡನೆ ಬದುಕಿಕೊಂಡಿದ್ದವು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಅವನ್ನು ಸಂಪಾದಿಸಿ ಕೊಟ್ಟರು. ಅಶ್ವತ್ಥರ ಕಂಠ ಅವನ್ನು ಬೆಂಗಳೂರಿನ ನಡುಮನೆಗೆ ತಂದು ಕೂರಿಸಿತು. ಆ ಹೊತ್ತಿಗೆ ನಾನು ಉತ್ತರದ ತಾಲ್ಲೂಕೊಂದರಲ್ಲಿ ಕಿರಿಯ ಅಧಿಕಾರಿ. ಜೀಪಿನಲ್ಲಿ ಆ ಕ್ಯಾಸೆಟ್ ಸವೆಯುವಷ್ಟು ಕೇಳಿದ್ದೆ. ಒಮ್ಮೆ ಬರಗಾಲದ ಕಾಮಗಾರಿ ನೋಡಲು ಹೋದ ಹಳ್ಳಿಯಲ್ಲಿ ತತ್ವಪದ ಹಾಡುವ ಮುದುಕನೊಬ್ಬನಿಗೆ ಹೆಮ್ಮೆಯಿಂದ ಅದನ್ನು ಕೇಳಿಸಿದೆ. ಅವನು ಕಣ್ಣು ಮುಚ್ಚಿ ಕೇಳಿ, ‘ಪದ ನಮ್ದ ಐತ್ರೀ ಸಾಹೇಬ್ರ, ಅವಸರ ಮಾತ್ರ ಬೆಂಗಳೂರಿಂದು’ ಎಂದ. ಅಶ್ವತ್ಥರ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಚುರುಕಾದುದಿಲ್ಲ. ಅವರು ಕಿರುಚುತ್ತಾರೆ, ವಾದ್ಯಗಳ ಅಬ್ಬರ ಹೆಚ್ಚು ಎಂದು ನಗರದ ರಸಿಕರು ಆಡಿಕೊಂಡದ್ದೂ ಉಂಟು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ತಾರಸ್ಥಾಯಿಯಲ್ಲಿ ಒಂದು ಪದವನ್ನು ಹಿಡಿದು ಅವರು ಜಗ್ಗುವಾಗ ಹಾಡು ಮುರಿದೇ ಹೋಗುತ್ತದೇನೋ ಎಂದು ಭಯವಾಗುತ್ತಿತ್ತು. ಆದರೆ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಶ್ರೀಧರ್ ಅವರ ಮುಖಕ್ಕೆ ಆ ಕಂಠ ಸೇರಿದಾಗ, ಶರೀಫರು ಹೀಗೆಯೇ ಹಾಡಿರಬೇಕೆಂದು ಒಂದು ತಲೆಮಾರು ನಂಬಿತು. ಮುದುಕನ ಅವಸರದ ಮಾತನ್ನು ಒಪ್ಪುತ್ತಲೇ ನಾನೂ ನಂಬಿದೆ.

ಮುಂದಿನದು ಬಹಳ ಜನರಿಗೆ ಗೊತ್ತು: ‘ಮೈಸೂರು ಮಲ್ಲಿಗೆ’, ‘ಚಿನ್ನಾರಿ ಮುತ್ತ’, ‘ನಾಗಮಂಡಲ’. 2005ರ ಏಪ್ರಿಲ್ 23ರಂದು ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’. ಭಾವಗೀತೆಯೆಂದರೆ ಹಾರ್ಮೋನಿಯಂ, ತಬಲ ಮತ್ತು ಇನ್ನೂರು ಕುರ್ಚಿ ಎಂದುಕೊಂಡಿದ್ದ ನಾನು ಅಂದು ಹೆಂಡತಿಯೊಡನೆ ಹುಲ್ಲಿನ ಮೇಲೆ ಕುಳಿತು, ಹಿಂದೆ ತಿರುಗಿ ನೋಡಿದರೆ ಜನಸಂದಣಿಯ ಕೊನೆ ಕಾಣಲಿಲ್ಲ. ಚಿತ್ರತಾರೆಯರಿಗಾಗಿ ಅಲ್ಲ, ಕವಿತೆಗಾಗಿ ಬಂದ ಜನ. ಅಷ್ಟು ದೊಡ್ಡ ವೇದಿಕೆಯ ಕನಸನ್ನು ಅರವತ್ತೈದರ ಗಾಯಕ ಕಂಡಿದ್ದರು ಎಂಬುದು ಇಂದಿಗೂ ನನಗೆ ಬೆರಗು. ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದಂದೇ, 2009ರ ಡಿಸೆಂಬರ್ 29ರಂದು, ಅವರು ತೀರಿಕೊಂಡರು.

ಇಷ್ಟನ್ನು ಹುಡುಗನಿಗೆ ಹೇಳಿದಾಗ ಅವನು ಕೇಳಿದ ಪ್ರಶ್ನೆ ನನಗೆ ಹಿಡಿಸಿತು: ‘ಅವರಿಗೆ ಮನೆ ಬಾಡಿಗೆ ಯಾರು ಕೊಡುತ್ತಿದ್ದರು?’ ಉತ್ತರ ಸರಳ. ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ. ಅಶ್ವತ್ಥ್ ಅಲ್ಲಿ 27 ವರ್ಷ ಉದ್ಯೋಗಿಯಾಗಿದ್ದರು. ಸಿನಿಮಾ, ಕ್ಯಾಸೆಟ್ಟು, ನಾಟಕಗಳ ಬಹುಭಾಗ ಆ ಸಂಬಳದ ನೆರಳಿನಲ್ಲಿಯೇ ನಡೆದದ್ದು.

ಇಲ್ಲಿ ಅರ್ಥಶಾಸ್ತ್ರದ ಒಂದು ಮಾತು ಅನಿವಾರ್ಯ, ಓದುಗರು ಮನ್ನಿಸಬೇಕು. ಅಮೆರಿಕದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ರಂಗಕಲೆಗಳ ಆರ್ಥಿಕತೆಯ ಬಗ್ಗೆ ಪುಸ್ತಕವೊಂದನ್ನು ಬರೆದರು. ಟೆಲಿಫೋನ್ ಮಾಡಲು ಬೇಕಾದ ದುಡಿಮೆಯ ಗಂಟೆಗಳು ಯಂತ್ರ ಸುಧಾರಿಸಿದಂತೆ ಇಳಿಯುತ್ತ ಹೋಗುತ್ತವೆ, ಅದರಿಂದ ಕೂಲಿ ಏರುತ್ತದೆ. ಆದರೆ ಐದು ನಿಮಿಷದ ಹಾಡನ್ನು ವೇದಿಕೆಯ ಮೇಲೆ ಹಾಡಲು ಶರೀಫರ ಕಾಲದಲ್ಲಿಯೂ ಐದು ನಿಮಿಷ, ಈಗಲೂ ಐದು ನಿಮಿಷ. ಹಾಡುವವನ ಉತ್ಪಾದಕತೆ ಏರುವುದಿಲ್ಲ. ಅವನು ಕೊಳ್ಳುವ ಅಕ್ಕಿಯ ಬೆಲೆ, ಕೊಡುವ ಬಾಡಿಗೆ ಮಾತ್ರ ಉಳಿದವರಂತೆಯೇ ಏರುತ್ತವೆ. ಈ ಅಂತರವನ್ನು ಯಾರಾದರೂ ತುಂಬಲೇಬೇಕು. ಹಿಂದೆ ಅರಮನೆ ತುಂಬಿತು. ಸ್ವಾತಂತ್ರ್ಯಾನಂತರದ ಬೆಂಗಳೂರಿನಲ್ಲಿ ಸಾರ್ವಜನಿಕ ಉದ್ಯಮಗಳು, ಬ್ಯಾಂಕುಗಳು, ಕಾಲೇಜುಗಳು, ನಮ್ಮಂಥ ಕಚೇರಿಗಳೂ, ತಮಗರಿವಿಲ್ಲದೆಯೇ ತುಂಬಿದವು. ತಿಂಗಳ ಮೊದಲ ದಿನ ಸಂಬಳ, ಸಂಜೆ ಐದಕ್ಕೆ ಬಿಡುಗಡೆ, ಕಾರ್ಖಾನೆಯದೇ ಕನ್ನಡ ಸಂಘ. ಸರ್ಕಾರದ ಯಾವ ಸಾಂಸ್ಕೃತಿಕ ಅನುದಾನವೂ ಕನ್ನಡ ಸಂಗೀತಕ್ಕೆ ಅಷ್ಟು ಮಾಡಿರಲಾರದು. ಇದನ್ನು ಅನುದಾನದ ಕಡತಗಳನ್ನು ನೋಡಿದವನಾಗಿಯೇ ಹೇಳುತ್ತಿದ್ದೇನೆ.

ಗೇಬ್ರಿಯಲ್‌ಗೆ ಆ ಅಂತರ ತುಂಬಿದ್ದು ಬೇರೆ ದಾರಿಯಿಂದ. 1982ರಲ್ಲಿ ಅವನು ವಿಶ್ವ ಸಂಗೀತದ ಉತ್ಸವವೊಂದನ್ನು ಆರಂಭಿಸಿ ಸಾಲದಲ್ಲಿ ಮುಳುಗಿದಾಗ, ತೊರೆದುಬಂದಿದ್ದ ಜೆನೆಸಿಸ್ ಗೆಳೆಯರೇ ಅವನೊಡನೆ ಒಂದು ರಾತ್ರಿ ಹಾಡಿ ಸಾಲ ತೀರಿಸಲು ನೆರವಾದರು. ಇದು ನನಗೆ ಪ್ರಿಯವಾದ ಕಥೆ. ಆದರೆ ದೀರ್ಘಕಾಲ ಅವನನ್ನು ನಿಲ್ಲಿಸಿದ್ದು ಗೌರವಧನ, ಅಂದರೆ ರಾಯಲ್ಟಿ. 1986ರ ಒಂದು ಆಲ್ಬಮ್ ಜಗತ್ತಿನಾದ್ಯಂತ ಬಾರಿಸಿದಷ್ಟು ಸಲವೂ ಹಣ ಮನೆಗೆ ಬರುತ್ತದೆ. ಇಪ್ಪತ್ತೊಂದು ವರ್ಷ ಕಾಯಲು ಆಗುತ್ತದೆ. ನಮ್ಮಲ್ಲಿ ಕ್ಯಾಸೆಟ್ಟಿನ ಕಾಲದಲ್ಲಿ ಒಂದಿಡಿ ಮೊತ್ತ ಕೊಟ್ಟು ಹಕ್ಕು ಬರೆಸಿಕೊಳ್ಳುವುದು ರೂಢಿ. 2012ರ ಕೃತಿಸ್ವಾಮ್ಯ ತಿದ್ದುಪಡಿ ಕವಿಗೂ ಸಂಯೋಜಕನಿಗೂ ಗೌರವಧನದ ಪಾಲನ್ನು ಬಿಟ್ಟುಕೊಡಲಾಗದ ಹಕ್ಕನ್ನಾಗಿ ಮಾಡಿತು. ಸಂಯೋಜಕ ತೀರಿಕೊಂಡ ಮೇಲೂ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದೆ ಹಾಡಿದರೆ ವಿನಾಯಿತಿ ಉಂಟು. ನಾವು ಕರೆಸಿದ್ದು ಹವ್ಯಾಸಿಗಳನ್ನಲ್ಲ, ಹಣ ಪಡೆಯುವ ವೃತ್ತಿನಿರತರನ್ನು.

ಅಶ್ವತ್ಥರ ಹೆಸರು ಈಚೆಗೆ ಸರ್ಕಾರಿ ಕಾಗದಗಳಲ್ಲಿ ಓಡಾಡಿದ್ದು ನಾಡಗೀತೆಯ ಧಾಟಿಯ ವಿಷಯದಲ್ಲಿ. 2004ರಲ್ಲಿ ಕುವೆಂಪು ಗೀತೆ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿ ಅವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ವಾದ ಹದಿನೆಂಟು ವರ್ಷ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಶಾಲೆಗಳಿಗೆ ಒಂದೇ ಧಾಟಿ ಬೇಕು, ಆದೇಶ ಸರಿಯೇ. ಆದರೂ ಸೆಕೆಂಡುಗಳವರೆಗೆ ಎಣಿಸಿದ ನಾವು, ಇಬ್ಬರೂ ಸಂಯೋಜಕರ ಮನೆಗಳಿಗೆ ಅವರ ಉಳಿದ ನೂರಾರು ಹಾಡುಗಳಿಂದ ಏನು ಸಂದಿತೆಂದು ಎಣಿಸಲಿಲ್ಲ.

ಹುಡುಗ ಮೈಸೂರಿನ ರಘು ದೀಕ್ಷಿತ್ ಅವರನ್ನು ಉದಾಹರಿಸಿದ. ಸೂಕ್ಷ್ಮಜೀವಿಶಾಸ್ತ್ರ ಓದಿ, ಉದ್ಯೋಗ ಬಿಟ್ಟು, ‘ಅಂತರಾಗ್ನಿ’ ವೃಂದ ಕಟ್ಟಿ, ಅದು ಚದುರಿದ ಮೇಲೆ 2008ರಲ್ಲಿ ಮೊದಲ ಆಲ್ಬಮ್ ತಂದವರು. ಅದರಲ್ಲಿಯೂ ಶರೀಫರಿದ್ದಾರೆ, ಗಿಟಾರಿನೊಡನೆ. 2010ರಲ್ಲಿ ಬಿಬಿಸಿ, 2011ರಲ್ಲಿ ಗ್ಲಾಸ್ಟನ್‌ಬರಿ. ಕಾರ್ಖಾನೆಯ ನೆರಳಿಲ್ಲದೆಯೂ ನಡೆಯಬಹುದು ಎಂಬುದು ಅವನ ವಾದ. ನಡೆಯಬಹುದು, ಆದರೆ ಪ್ರತಿ ವಾರ ಊರೂರು ತಿರುಗಿ ಹಾಡುತ್ತಲೇ ಇರಬೇಕು. ಗಂಟಲು ಕೆಟ್ಟ ತಿಂಗಳು ವರಮಾನವೂ ಕೆಟ್ಟಿತು ಎಂದೆ. ‘ಹಾಗಾದರೆ ಐಟಿಐನಲ್ಲಿ ಕೆಲಸ ಖಾಲಿ ಇದೆಯೇ ಕೇಳಿ ನೋಡಿ, ಚಿಕ್ಕಪ್ಪ’ ಎಂದು ನಕ್ಕ. ನಾನು ಬುದ್ಧಿ ಹೇಳಲಿಲ್ಲ. ಮೂರು ವರ್ಷಕ್ಕೆ ಸಾಲುವಷ್ಟು ಉಳಿಸಿಕೊಂಡು ಬಿಡು, ಬರೆದ ಯಾವ ಹಾಡಿನ ಹಕ್ಕನ್ನೂ ಒಂದಿಡಿಯಾಗಿ ಮಾರಬೇಡ ಎಂದಷ್ಟೇ ಹೇಳಿದೆ. ಅಣ್ಣ ನನ್ನೊಡನೆ ಹದಿನೈದು ದಿನ ಮಾತಾಡಲಿಲ್ಲ.

ಸಂಘದ ವಾರ್ಷಿಕ ಸಭೆಯಲ್ಲಿ ಮುಂದಿನ ರಾಜ್ಯೋತ್ಸವದ ಅಂದಾಜುಪಟ್ಟಿ ಮಂಡಿಸುವಾಗ ‘ಹಾಡುಗಳ ಪರವಾನಗಿ ಮತ್ತು ಗೌರವಧನ’ ಎಂಬ ಹೊಸ ಸಾಲನ್ನು ಸೇರಿಸಿದೆ. ‘ತೀರಿಕೊಂಡವರಿಗೆ ಎಂಥ ಗೌರವಧನ ಸ್ವಾಮಿ’ ಎಂದು ಒಬ್ಬರು ಕೇಳಿದರು. ಹಾಡಿಗೆ ಕೊಟ್ಟರೆ ಉಪಾಹಾರದಲ್ಲಿ ಒಂದು ಬಗೆ ಕಡಿಮೆಯಾಗುತ್ತದೆ ಎಂದು ಮತ್ತೊಬ್ಬರು ಲೆಕ್ಕ ಹಾಕಿದರು. ಚರ್ಚೆಯ ಬಳಿಕ ಸಾಲನ್ನು ಉಳಿಸಿಕೊಳ್ಳಲಾಯಿತು. ಅದರ ಮುಂದಿನ ಮೊತ್ತವನ್ನು ಖಾಲಿ ಬಿಟ್ಟು ಮುಂದಿನ ಸಭೆಗೆ ಹಾಕಲಾಗಿದೆ.